ವೈದ್ಯರ ಪಕ್ಕದ ಕುರ್ಚಿ: ಫಿಜಿಷಿಯನ್ ಅಸಿಸ್ಟೆಂಟ್ ಉದ್ಯೋಗದ ನಾಳೆ

ನೀಟ್ ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ ಪಿಯು ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕರನ್ನು ಹುಡುಕಿಕೊಂಡು ಬರುವ ತಂದೆತಾಯಿಯರ ಪ್ರಶ್ನೆಗಳು ಮೊದಲೆಲ್ಲ ಊಹಿಸಬಹುದಾದವೇ ಆಗಿದ್ದವು: ಆಯುರ್ವೇದಕ್ಕೆ ಸೀಟು ಸಿಕ್ಕೀತೇ, ನರ್ಸಿಂಗ್ ಮಾಡಿಸಬಹುದೇ, ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಹಾಕಿದರೆ ಪ್ರಯೋಜನವಿದೆಯೇ. ಈಚೆಗೆ ಆ ಪಟ್ಟಿಗೆ ಬಿ.ಎಸ್ಸಿ. ಫಿಜಿಷಿಯನ್ ಅಸಿಸ್ಟೆಂಟ್ (ವೈದ್ಯರ ಸಹಾಯಕ, ಚಿಕ್ಕದಾಗಿ ಪಿಎ) ಎಂಬ ಕೋರ್ಸಿನ ಹೆಸರು ಸೇರಿಕೊಂಡಿದೆ. ಕೇಳಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ ಈ ಕೆಲಸಕ್ಕೆ ವರ್ಷಕ್ಕೆ ಒಂದು ಕೋಟಿ ರೂಪಾಯಿಗಿಂತ ಹೆಚ್ಚು ಸಂಬಳವಿದೆ ಎಂಬ ವಿಡಿಯೊ ಒಂದನ್ನು ಮೊಬೈಲಿನಲ್ಲಿ ಉಳಿಸಿಕೊಂಡೇ ಬಂದಿರುತ್ತಾರೆ. ಆ ಮಾತು ಸುಳ್ಳಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರಲ್ಲಿ ಅಲ್ಲಿನ ಫಿಜಿಷಿಯನ್ ಅಸಿಸ್ಟೆಂಟ್‌ಗಳ ಮಧ್ಯಮ ವಾರ್ಷಿಕ ವೇತನ 1,33,260 ಡಾಲರ್. ಆದರೆ ಆ ಅಂಕಿ ನಮ್ಮ ವಿದ್ಯಾರ್ಥಿಯ ಬದುಕಿಗೆ ಹೇಗೆ ಸಂಬಂಧಿಸುತ್ತದೆ ಎಂಬುದನ್ನು ಆ ವಿಡಿಯೊಗಳು ಹೇಳುವುದಿಲ್ಲ. ಅದನ್ನು ತಿಳಿಯಲು ಹೊರಟು ನಾನು ಓದಿಕೊಂಡದ್ದನ್ನೂ, ನಮ್ಮಲ್ಲಿ ಓದಿ ಈ ಕೆಲಸಕ್ಕೆ ಸೇರಿದವರಿಂದ ಕೇಳಿದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ವೈದ್ಯರು ಕಡಿಮೆ ಇದ್ದಾರೆ, ಆದ್ದರಿಂದ ವೈದ್ಯರ ಸಹಾಯಕರಿಗೆ ಒಳ್ಳೆಯ ಭವಿಷ್ಯವಿದೆ ಎಂಬ ತರ್ಕ ಎಲ್ಲ ಪ್ರಚಾರಪತ್ರಗಳಲ್ಲೂ ಇರುತ್ತದೆ. ನನಗೆ ಈ ತರ್ಕ ಅರ್ಧ ಮಾತ್ರ ನಿಜವೆನಿಸಿದೆ. ಕೊರತೆ ಎಷ್ಟೇ ಇರಲಿ, ಆ ಸಹಾಯಕರು ಸ್ವತಃ ಏನನ್ನು ಮಾಡಬಹುದೆಂದು ಕಾನೂನು ಹೇಳುತ್ತದೆ, ಅವರು ಮಾಡಿದ ಕೆಲಸಕ್ಕೆ ಹಣ ಯಾರ ಜೇಬಿನಿಂದ ಬರುತ್ತದೆ ಎಂಬ ಎರಡು ಸಂಗತಿಗಳೇ ಈ ಉದ್ಯೋಗದ ಏಳುಬೀಳುಗಳನ್ನು ನಿರ್ಧರಿಸಿವೆ. ಅಮೆರಿಕ, ಇಂಗ್ಲೆಂಡ್, ಭಾರತ, ಮೂರೂ ಕಡೆ ಕೊರತೆಯ ಮಾತು ಒಂದೇ ಆಗಿದ್ದರೂ ಉದ್ಯೋಗದ ಗತಿ ಮೂರು ಬಗೆಯಾದದ್ದು ಅದಕ್ಕೇ.

ಅಮೆರಿಕದಲ್ಲಿ ಇದು ಶುರುವಾದದ್ದು 1965ರಲ್ಲಿ, ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ನೌಕಾಪಡೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಪಳಗಿದ್ದವರು ಸೇನೆ ಬಿಟ್ಟು ಬಂದ ಮೇಲೆ ಊರಿನ ಆಸ್ಪತ್ರೆಗಳಲ್ಲಿ ಅವರ ಅನುಭವಕ್ಕೆ ತಕ್ಕ ಕೆಲಸ ಇರಲಿಲ್ಲ. ಇತ್ತ ವೈದ್ಯರು ಸಾಲುತ್ತಿರಲಿಲ್ಲ. ಡಾ. ಯೂಜೀನ್ ಸ್ಟೆಡ್ ಅಂಥ ನಾಲ್ವರನ್ನು ಸೇರಿಸಿಕೊಂಡು ಎರಡು ವರ್ಷದ ತರಬೇತಿ ಆರಂಭಿಸಿದರು. 1967ರಲ್ಲಿ ಮೂವರು ಮುಗಿಸಿ ಹೊರಬಂದರು. ಆ ಮೂವರಿಂದ ಇಂದು ಒಂದೂವರೆ ಲಕ್ಷಕ್ಕಿಂತ ಹೆಚ್ಚು ಮಂದಿಯವರೆಗೆ ಬೆಳೆದ ಕಥೆಯಲ್ಲಿ ಗಮನಿಸಬೇಕಾದದ್ದು ಸಂಖ್ಯೆಯನ್ನಲ್ಲ, ಒಂದೊಂದೇ ರಾಜ್ಯದ ಶಾಸನಸಭೆಯಲ್ಲಿ ಈ ವೃತ್ತಿಗೆ ಕಾನೂನು ಮಾಡಿಸಿಕೊಳ್ಳಲು ಹಿಡಿದ ಕಾಲವನ್ನು. ಕೊನೆಯ ರಾಜ್ಯವಾದ ಮಿಸಿಸಿಪ್ಪಿ ಒಪ್ಪಿದ್ದು 2000ದಲ್ಲಿ. ಅಷ್ಟು ದಶಕಗಳ ಓಡಾಟದ ಫಲವಾಗಿ ಅಲ್ಲಿನ ಪಿಎ ರೋಗಿಯನ್ನು ಪರೀಕ್ಷಿಸುತ್ತಾರೆ, ರೋಗ ನಿರ್ಣಯ ಮಾಡುತ್ತಾರೆ, ಔಷಧ ಬರೆಯುತ್ತಾರೆ, ಶಸ್ತ್ರಚಿಕಿತ್ಸೆಯಲ್ಲಿ ಕೈಜೋಡಿಸುತ್ತಾರೆ. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಅವರ ಸೇವೆಗೆ ವೈದ್ಯರ ದರದ ಶೇ 85ರಷ್ಟು ಹಣ ಕೊಡುತ್ತದೆ. 2022ರಿಂದ ಆ ಹಣ ನೇರವಾಗಿ ಅವರ ಹೆಸರಿಗೇ ಬರಬಹುದು. ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ಅಲ್ಲಿನ ಪಿಎ ಖರ್ಚಿನ ಬಾಬತ್ತಲ್ಲ, ಆದಾಯ ತರುವ ವ್ಯಕ್ತಿ. ಕೋಟಿ ರೂಪಾಯಿ ಸಂಬಳದ ಗುಟ್ಟು ಇರುವುದು ಇಲ್ಲಿ.

ಹಾಗೆಂದು ಅಲ್ಲಿಯೂ ನೆಲ ಗಟ್ಟಿಯಾಗಿಯೇ ಇದೆ ಎನ್ನುವಂತಿಲ್ಲ. ಅದೇ ಕಾರ್ಮಿಕ ಅಂಕಿಅಂಶ ಇಲಾಖೆ 2023ರಿಂದ 2033ರ ಅವಧಿಗೆ ಈ ಉದ್ಯೋಗ ಶೇ 28ರಷ್ಟು ಬೆಳೆಯುತ್ತದೆಂದು ಅಂದಾಜಿಸಿತ್ತು. ಮರುವರ್ಷದ ಅಂದಾಜಿನಲ್ಲಿ, ಅಂದರೆ 2024ರಿಂದ 2034ರ ಅವಧಿಗೆ, ಅದು ಶೇ 20 ಆಯಿತು. ಶೇ 20 ಎಂದರೂ ಉಳಿದ ಉದ್ಯೋಗಗಳಿಗಿಂತ ಬಹಳ ವೇಗದ ಬೆಳವಣಿಗೆಯೇ, ಅನುಮಾನವಿಲ್ಲ. ಆದರೆ ಅದೇ ಕೊಠಡಿಯಲ್ಲಿ ಅದೇ ಕೆಲಸಕ್ಕೆ ನಿಂತಿರುವ ಇನ್ನೊಂದು ವರ್ಗವಿದೆ: ನರ್ಸ್ ಪ್ರಾಕ್ಟೀಷನರ್‌ಗಳು, ಅಂದರೆ ಹೆಚ್ಚಿನ ಓದು ಮುಗಿಸಿ ತಾವೇ ರೋಗಿಗಳಿಗೆ ಚಿಕಿತ್ಸೆ ಕೊಡುವ ನರ್ಸ್‌ಗಳು. ಅವರ ಸಂಖ್ಯೆ ಪಿಎಗಳಿಗಿಂತ ಹೆಚ್ಚು, ಮತ್ತು ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅವರು ವೈದ್ಯರ ಮೇಲ್ವಿಚಾರಣೆಯ ಒಪ್ಪಂದವಿಲ್ಲದೆ ಕೆಲಸ ಮಾಡಬಹುದು. ಪಿಎಯನ್ನು ನೇಮಿಸಿಕೊಳ್ಳುವ ಕ್ಲಿನಿಕ್ಕಿಗೆ ಬಹುತೇಕ ಕಡೆ ಒಬ್ಬ ವೈದ್ಯರ ಹೆಸರು, ಒಪ್ಪಂದಪತ್ರ, ಅದರ ನವೀಕರಣ ಎಲ್ಲವೂ ಬೇಕು. ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಆಗಿರುವಾಗ ಕಡತ ಕಡಿಮೆ ಇರುವವರನ್ನು ಆರಿಸಿಕೊಳ್ಳುವುದು ಯಾವ ಆಡಳಿತಾಧಿಕಾರಿಗಾದರೂ ಸಹಜವೇ. ಈ ಹಿನ್ನಡೆಯನ್ನು ಮನಗಂಡೇ ಪಿಎಗಳ ಸಂಘ 2017ರಿಂದ ಒಪ್ಪಂದದ ಷರತ್ತನ್ನು ತೆಗೆಸಲು ರಾಜ್ಯದಿಂದ ರಾಜ್ಯಕ್ಕೆ ಹೋರಾಡುತ್ತಿದೆ. 2019ರಲ್ಲಿ ನಾರ್ತ್ ಡಕೋಟ ಮೊದಲು ಒಪ್ಪಿತು, ಅನಂತರ ಯೂಟಾ, ವಯೋಮಿಂಗ್ ಮುಂತಾದವು ಬಂದವು. ವೈದ್ಯರ ಸಂಘ ಇದನ್ನು ಬಲವಾಗಿ ವಿರೋಧಿಸುತ್ತಿದೆ. ವೈದ್ಯರ ನೆರಳಿನಲ್ಲಿ ಹುಟ್ಟಿದ ವೃತ್ತಿ ಆ ನೆರಳಿನಿಂದ ಹೊರಬರದೆ ಮಾರುಕಟ್ಟೆಯಲ್ಲಿ ನಿಲ್ಲಲಾರದು, ಹೊರಬಂದರೆ ವೈದ್ಯರು ಸಹಿಸಲಾರರು ಎಂಬ ಇಕ್ಕಟ್ಟು ಅಲ್ಲಿ ಇಂದಿಗೂ ಬಗೆಹರಿದಿಲ್ಲ.

ಓದಿನ ಖರ್ಚಿನ ಕಡೆಯಿಂದಲೂ ಬದಲಾವಣೆ ಬಂದಿದೆ. ಅಲ್ಲಿ ಇದು ಪದವಿಯ ಮೇಲೆ ಸುಮಾರು 27 ತಿಂಗಳು ಓದುವ ಸ್ನಾತಕೋತ್ತರ ಕೋರ್ಸ್, ಮತ್ತು ಬಹುಪಾಲು ವಿದ್ಯಾರ್ಥಿಗಳು ಸಾಲ ಮಾಡಿಯೇ ಓದುತ್ತಾರೆ. 2025ರ ಜುಲೈಯಲ್ಲಿ ಸಹಿಯಾದ ಕಾನೂನು 2026ರ ಜುಲೈಯಿಂದ ಸರ್ಕಾರಿ ಸಾಲಕ್ಕೆ ಮಿತಿ ಹಾಕಿತು: ವೈದ್ಯಕೀಯ, ಕಾನೂನು ಮುಂತಾದ ವೃತ್ತಿಪರ ಕೋರ್ಸ್‌ಗಳಿಗೆ ವರ್ಷಕ್ಕೆ 50 ಸಾವಿರ ಡಾಲರ್, ಉಳಿದ ಸ್ನಾತಕೋತ್ತರ ಕೋರ್ಸ್‌ಗಳಿಗೆ 20,500 ಡಾಲರ್. ಅಲ್ಲಿನ ಶಿಕ್ಷಣ ಇಲಾಖೆ ಸಿದ್ಧಪಡಿಸಿದ ವೃತ್ತಿಪರ ಕೋರ್ಸ್‌ಗಳ ಪಟ್ಟಿಯಲ್ಲಿ ಪಿಎ ಕೋರ್ಸ್ ಇರಲಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಹತ್ತು ಹನ್ನೆರಡು ವರ್ಷದ ವೈದ್ಯಕೀಯ ಓದಿಗೆ ಬದಲಾಗಿ ಈ ದಾರಿಯನ್ನು ಪರಿಗಣಿಸುವಾಗ ಇನ್ನು ಮೇಲೆ ಈ ಲೆಕ್ಕವನ್ನೂ ಹಾಕಬೇಕಾಗುತ್ತದೆ.

ಇಲ್ಲಿನ ತಂದೆತಾಯಿಯರಿಗೆ ನಾನು ಮೊದಲು ಹೇಳುವ ಮಾತು ಬೇರೆ. ಅಮೆರಿಕದಲ್ಲಿ ಪಿಎ ಆಗಿ ಪರವಾನಗಿ ಪಡೆಯಲು ಬರೆಯಬೇಕಾದ ರಾಷ್ಟ್ರೀಯ ಪರೀಕ್ಷೆಗೆ ಅಲ್ಲಿನ ಮಾನ್ಯತಾ ಮಂಡಳಿ ಒಪ್ಪಿದ ಕಾಲೇಜಿನಲ್ಲಿ ಓದಿದವರು ಮಾತ್ರ ಅರ್ಹರು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಪಡೆದ ಬಿ.ಎಸ್ಸಿ. ಫಿಜಿಷಿಯನ್ ಅಸಿಸ್ಟೆಂಟ್ ಪದವಿ ಆ ಪರೀಕ್ಷೆಯ ಬಾಗಿಲು ತೆರೆಯುವುದಿಲ್ಲ. ನಮ್ಮ ಎಂ.ಬಿ.ಬಿ.ಎಸ್. ಪದವೀಧರರಿಗೂ ನರ್ಸ್‌ಗಳಿಗೂ ಪರೀಕ್ಷೆ ಬರೆದು ಅಲ್ಲಿಗೆ ಹೋಗುವ ದಾರಿಯಿದೆ, ಪಿಎಗೆ ಇಲ್ಲ. ಮೊಬೈಲಿನಲ್ಲಿರುವ ಆ ಕೋಟಿ ರೂಪಾಯಿಗೂ ಈ ಕೋರ್ಸಿಗೂ ಹೆಸರಿನ ಸಂಬಂಧ ಮಾತ್ರ.

ಈ ವೃತ್ತಿಗೆ ಎಂಥ ಆಘಾತ ಬರಬಹುದು ಎಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡನ್ನು ನೋಡಬೇಕು. 2023ರ ಜೂನ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಪ್ರಕಟಿಸಿದ ದೀರ್ಘಾವಧಿ ಯೋಜನೆಯಲ್ಲಿ 2036–37ರ ಹೊತ್ತಿಗೆ ಹತ್ತು ಸಾವಿರ ಪಿಎಗಳು ಇರಬೇಕೆಂಬ ಗುರಿಯಿತ್ತು. ಅಂಥ ಗುರಿಯನ್ನು ಸರ್ಕಾರವೇ ಘೋಷಿಸಿದ ಮೇಲೆ ಇದಕ್ಕಿಂತ ಭದ್ರವಾದ ಉದ್ಯೋಗ ಯಾವುದಿದ್ದೀತು ಎಂದು ಅನೇಕ ಯುವಕರು ಎರಡು ವರ್ಷದ ಕೋರ್ಸಿಗೆ ಸೇರಿದರು. ಆದರೆ ಆ ಕಟ್ಟಡದ ಕೆಳಗೆ ಎರಡು ಬಿರುಕುಗಳಿದ್ದವು. ಮೊದಲನೆಯದು ಸಂಬಳದ್ದು: 2023–24ರಲ್ಲಿ ಹೊಸ ಪಿಎಯ ಮೂಲ ವೇತನ ಸುಮಾರು 43 ಸಾವಿರ ಪೌಂಡ್ ಇದ್ದರೆ, ಐದಾರು ವರ್ಷ ಓದಿ ಬಂದ ಹೊಸ ವೈದ್ಯರದು ಸುಮಾರು 32 ಸಾವಿರ. ಎರಡನೆಯದು ಹಣದ ಮೂಲದ್ದು: ಊರಿನ ಸಾಮಾನ್ಯ ವೈದ್ಯರ ಕ್ಲಿನಿಕ್ಕುಗಳಿಗೆ ಸರ್ಕಾರ ಕೊಡುತ್ತಿದ್ದ ವಿಶೇಷ ಅನುದಾನವನ್ನು ಪಿಎ, ಔಷಧತಜ್ಞ ಮುಂತಾದವರ ಸಂಬಳಕ್ಕೆ ಬಳಸಬಹುದಿತ್ತು, ವೈದ್ಯರ ಸಂಬಳಕ್ಕೆ ಬಳಸುವಂತಿರಲಿಲ್ಲ. ಪರಿಣಾಮವಾಗಿ ವೈದ್ಯರ ಕೊರತೆಯೆಂದು ಗೋಳಾಡುತ್ತಿದ್ದ ದೇಶದಲ್ಲೇ ತರಬೇತಿ ಮುಗಿಸಿದ ಸಾಮಾನ್ಯ ವೈದ್ಯರಿಗೆ ಕೆಲಸ ಸಿಗದ ವಿಚಿತ್ರ ಸ್ಥಿತಿ ಉಂಟಾಯಿತು. 2024ರ ಅಕ್ಟೋಬರಿನಲ್ಲಿ ನಿಯಮ ಸಡಿಲಿಸಿ ವೈದ್ಯರನ್ನೂ ಆ ಅನುದಾನದೊಳಗೆ ಸೇರಿಸಬೇಕಾಯಿತು.

ಇದರ ನಡುವೆ, ಪಿಎ ಒಬ್ಬರನ್ನು ವೈದ್ಯರೆಂದೇ ನಂಬಿ ತೋರಿಸಿಕೊಂಡು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಗುರುತಿಗೆ ಬಾರದೆ ಸತ್ತ ಯುವತಿಯ ಪ್ರಕರಣ ಪಾರ್ಲಿಮೆಂಟಿನವರೆಗೆ ಹೋಯಿತು. ಸಾಮಾನ್ಯ ವೈದ್ಯರ ವೃತ್ತಿಸಂಸ್ಥೆಯಾದ ರಾಯಲ್ ಕಾಲೇಜು 2024ರ ಸೆಪ್ಟೆಂಬರಿನಲ್ಲಿ ಕ್ಲಿನಿಕ್ಕುಗಳಲ್ಲಿ ಪಿಎಗಳೇ ಬೇಡವೆಂಬ ನಿಲುವು ತಳೆಯಿತು. ಅದೇ ಡಿಸೆಂಬರಿನಲ್ಲಿ ಪಿಎಗಳ ನೋಂದಣಿ ಕಾನೂನುಬದ್ಧವಾಗಿ ಶುರುವಾಯಿತಾದರೂ ಅಷ್ಟರಲ್ಲಿ ಹೊತ್ತು ಮೀರಿತ್ತು. 2025ರ ಜುಲೈಯಲ್ಲಿ ಪ್ರೊಫೆಸರ್ ಜಿಲಿಯನ್ ಲೆಂಗ್ ಅವರ ಪರಿಶೀಲನಾ ವರದಿ ಬಂತು: ಯಾವ ಕಾಯಿಲೆಯೆಂದು ಇನ್ನೂ ಗೊತ್ತಾಗಿರದ ಹೊಸ ರೋಗಿಯನ್ನು ಪಿಎ ತಾವಾಗಿ ನೋಡಬಾರದು, ಹೊಸಬರು ಕ್ಲಿನಿಕ್ಕಿಗೆ ಬರುವ ಮುನ್ನ ಕನಿಷ್ಠ ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿದಿರಬೇಕು, ವೈದ್ಯರಿಗಿಂತ ಭಿನ್ನವಾಗಿ ಗುರುತಾಗುವ ಉಡುಪು ಮತ್ತು ಬ್ಯಾಡ್ಜ್ ಇರಬೇಕು, ಹುದ್ದೆಯ ಹೆಸರು ಅಸೋಸಿಯೇಟ್ ಎಂಬುದರಿಂದ ಮತ್ತೆ ಅಸಿಸ್ಟೆಂಟ್ ಆಗಬೇಕು. ಸರ್ಕಾರ ಒಪ್ಪಿಕೊಂಡಿತು. ಕೋರ್ಸಿಗೆ ಸೇರುವಾಗ ಹತ್ತು ಸಾವಿರ ಹುದ್ದೆಗಳ ಭರವಸೆ ಕೇಳಿದ್ದ ಹುಡುಗ ಹೊರಬರುವಾಗ ಕ್ಲಿನಿಕ್ಕುಗಳ ಬಾಗಿಲು ಮುಚ್ಚಿತ್ತು. ಈ ಎರಡು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ರೋಗಿಗಳೇನೂ ಕಡಿಮೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಭಾರತಕ್ಕೆ ಈ ಕೋರ್ಸನ್ನು ತಂದವರು ಹೃದಯ ಶಸ್ತ್ರಚಿಕಿತ್ಸಕರಾದ ಡಾ. ಕೆ. ಎಂ. ಚೆರಿಯನ್. 1975ರಲ್ಲಿ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ದೇಶದ ಮೊದಲ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿದವರು ಅವರೇ. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ ಮೊದಲ ತರಗತಿ ಶುರುವಾಯಿತು. ಹುಟ್ಟಿದ್ದು ಹೃದ್ರೋಗ ಆಸ್ಪತ್ರೆಯಲ್ಲಾದ್ದರಿಂದಲೋ ಏನೋ, ಇಂದಿಗೂ ನಮ್ಮಲ್ಲಿ ಪಿಎಗೆ ನಿಜವಾದ ಗೌರವ ಸಿಗುವುದು ಹೃದಯ, ನರ, ಮೂಳೆ ಶಸ್ತ್ರಚಿಕಿತ್ಸೆಯ ವಿಭಾಗಗಳಲ್ಲಿಯೇ. ಬೈಪಾಸ್ ನಡೆಯುವಾಗ ಒಂದೆಡೆ ಸರ್ಜನ್ ಎದೆ ತೆರೆಯುತ್ತಿದ್ದರೆ ಇನ್ನೊಂದೆಡೆ ಕಾಲಿನಿಂದ ರಕ್ತನಾಳ ಬಿಡಿಸಿಕೊಡುವುದು ಅನೇಕ ಕಡೆ ಪಿಎಯ ಕೆಲಸ. ಅದು ಕೈಗೆ ಬರಲು ವರ್ಷಗಳು ಬೇಕು, ಮತ್ತು ಅದು ಕೈಗೆ ಬಂದವರನ್ನು ಯಾವ ಸರ್ಜನ್ ಕೂಡ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಉಳಿದಂತೆ, ಬೆಂಗಳೂರಿನಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳುವ ಪ್ರಕಾರ, ದಿನದ ಕೆಲಸ ಹೀಗಿರುತ್ತದೆ: ಕನ್ಸಲ್ಟೆಂಟ್ ರೌಂಡ್ಸಿಗೆ ಬರುವ ಮೊದಲೇ ರಿಪೋರ್ಟುಗಳನ್ನು ನೋಡಿಟ್ಟುಕೊಳ್ಳಬೇಕು, ಅವರು ಹೇಳಿದ್ದನ್ನು ಕೇಸ್ ಶೀಟಿಗೆ ಇಳಿಸಬೇಕು, ಡ್ರೆಸ್ಸಿಂಗ್ ನೋಡಬೇಕು, ರೋಗಿಯ ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ವಿವರಿಸಬೇಕು, ವಿಮಾ ಕಂಪನಿಯ ಪ್ರಶ್ನೆಗಳಿಗೆ ಉತ್ತರಿಸಬೇಕು, ಕೊನೆಗೆ ಡಿಸ್ಚಾರ್ಜ್ ಸಮ್ಮರಿ ಬರೆಯಬೇಕು. ಮನೆಯವರಿಗೆ ವಿವರಿಸುವ ಕೆಲಸವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅದಿಲ್ಲದಿದ್ದರೆ ವಾರ್ಡಿನಲ್ಲಿ ಜಗಳಗಳೇ ಹೆಚ್ಚಾಗುತ್ತವೆ ಎಂದು ಅವಳು ಹೇಳಿದ್ದು ನನಗೆ ಇಷ್ಟವಾಯಿತು.

ಇಷ್ಟೆಲ್ಲ ಮಾಡುವ ಪಿಎಗೆ ನಮ್ಮಲ್ಲಿ ಸಂಬಳ ಏಕೆ ಏರುವುದಿಲ್ಲ? ನಮ್ಮ ಆಸ್ಪತ್ರೆಗಳ ಬಿಲ್ಲಿನಲ್ಲಿ ಅವರ ಕೆಲಸಕ್ಕೆ ಪ್ರತ್ಯೇಕ ಸಾಲೇ ಇಲ್ಲ ಎಂಬುದು ನನಗೆ ತೋಚುವ ಉತ್ತರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಾಗಲಿ ಖಾಸಗಿ ವಿಮೆಯಾಗಲಿ ಶಸ್ತ್ರಚಿಕಿತ್ಸೆಗೆ ಇಡಿಯಾಗಿ ಒಂದು ಪ್ಯಾಕೇಜ್ ದರ ಕೊಡುತ್ತವೆ. ಆ ಮೊತ್ತದೊಳಗೆ ಪಿಎ ಎಂದರೆ ಆಸ್ಪತ್ರೆಗೆ ಖರ್ಚು. ಸರ್ಜನ್ ಉಳಿಸಿಕೊಂಡ ಸಮಯದಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿದರೆ ಮಾತ್ರ ಆ ಖರ್ಚು ಮರಳಿ ಬರುತ್ತದೆ. ದಿನಕ್ಕೆ ಹಲವು ಶಸ್ತ್ರಚಿಕಿತ್ಸೆ ನಡೆಯುವ ದೊಡ್ಡ ಆಸ್ಪತ್ರೆಗೆ ಈ ಲೆಕ್ಕ ಹೊಂದುತ್ತದೆ, ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿಗೆ ಹೊಂದುವುದಿಲ್ಲ. ಹಾಗಾಗಿ ಕೆಲಸಗಳೆಲ್ಲ ಬೆಂಗಳೂರು, ಮಂಗಳೂರು, ಮಣಿಪಾಲ, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಗುಂಪುಗೂಡಿವೆ. ಹಾವೇರಿಯ ಹಳ್ಳಿಯಿಂದ ಹೋದ ಹುಡುಗಿ ಬೆಂಗಳೂರಿನ ಪಿಜಿಯ ಬಾಡಿಗೆ ಕಟ್ಟಿ, ಮೊದಲ ವರ್ಷಗಳ ಸಂಬಳದಲ್ಲಿ ಮನೆಗೆ ಎಷ್ಟು ಕಳಿಸಬಲ್ಲಳು ಎಂಬುದನ್ನು ಕೋರ್ಸ್ ಸೇರುವ ಮುನ್ನವೇ ಯೋಚಿಸಬೇಕು.

ಮಾರುಕಟ್ಟೆಯ ದೊಡ್ಡ ಬದಲಾವಣೆ ಬರುತ್ತಿರುವುದು ಬೇರೆ ದಿಕ್ಕಿನಿಂದ. 2014ರಲ್ಲಿ ದೇಶದಲ್ಲಿ ಸುಮಾರು 51 ಸಾವಿರವಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಹತ್ತೇ ವರ್ಷಗಳಲ್ಲಿ 1 ಲಕ್ಷ 10 ಸಾವಿರವನ್ನು ದಾಟಿದವು. ಅತಿ ಹೆಚ್ಚು ಸೀಟುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಸ್ನಾತಕೋತ್ತರ ಸೀಟಿಗಾಗಿ ಕಾಯುತ್ತ ಡ್ಯೂಟಿ ಡಾಕ್ಟರ್ ಆಗಿ ದುಡಿಯುವ ಯುವ ವೈದ್ಯರು ಪ್ರತಿ ವರ್ಷವೂ ಹೆಚ್ಚುತ್ತಿದ್ದಾರೆ, ಅವರ ಸಂಬಳ ಕುಸಿಯುತ್ತಿದೆ ಎಂಬ ದೂರನ್ನು ಅವರ ಬಾಯಿಂದಲೇ ಕೇಳುತ್ತೇವೆ. ಬಿ.ಎ.ಎಂ.ಎಸ್., ಬಿ.ಎಚ್.ಎಂ.ಎಸ್. ಮುಗಿಸಿದವರನ್ನು ರಾತ್ರಿ ಪಾಳಿಗೆ ಇಟ್ಟುಕೊಳ್ಳುವ ಆಸ್ಪತ್ರೆಗಳೂ ಕಡಿಮೆಯೇನಿಲ್ಲ. ಸ್ವತಃ ಔಷಧ ಬರೆಯುವ ಹಕ್ಕಿರುವ ವೈದ್ಯರು ಅಷ್ಟೇ ಸಂಬಳಕ್ಕೆ ಸಿಗುವುದಾದರೆ, ಆ ಹಕ್ಕಿಲ್ಲದ ಪಿಎ ಏಕೆ ಬೇಕು ಎಂದು ಆಡಳಿತ ಮಂಡಳಿ ಕೇಳಿಯೇ ಕೇಳುತ್ತದೆ. ಇದಕ್ಕೆ ಒಂದೇ ಒಂದು ಗಟ್ಟಿ ಉತ್ತರವಿದೆ: ಡ್ಯೂಟಿ ಡಾಕ್ಟರ್ ಇಂದು ಇದ್ದು ನಾಳೆ ಪಿಜಿ ಸೀಟು ಸಿಕ್ಕೊಡನೆ ಹೋಗುತ್ತಾರೆ, ಪಿಎ ಅದೇ ವಿಭಾಗದಲ್ಲಿ ಹತ್ತು ವರ್ಷ ಇರುತ್ತಾರೆ. ಈ ಸ್ಥಿರತೆಗೆ ಬೆಲೆ ಕಟ್ಟುವ ಆಸ್ಪತ್ರೆಗಳೂ ಇವೆ, ಕಟ್ಟದವೂ ಇವೆ.

ವೈದ್ಯರಿಗೂ ನರ್ಸಿಗೂ ನಡುವಿನ ಈ ಜಾಗ ನಮ್ಮ ದೇಶಕ್ಕೆ ಹೊಸದೇನಲ್ಲ. ನಮ್ಮ ಅಜ್ಜಂದಿರ ಕಾಲದವರಿಗೆ ಎಲ್.ಎಂ.ಪಿ. ಡಾಕ್ಟರುಗಳ ಪರಿಚಯವಿತ್ತು. ಪೂರ್ತಿ ಪದವಿಗಿಂತ ಕಡಿಮೆ ಅವಧಿಯ ಓದು ಮುಗಿಸಿದ್ದ ಅವರು ಸ್ವಾತಂತ್ರ್ಯದ ಹೊತ್ತಿಗೆ ದೇಶದ ವೈದ್ಯರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗದಷ್ಟಿದ್ದರು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿ ಒಂದೇ ದರ್ಜೆಯ ವೈದ್ಯರು ಸಾಕೆಂದಿತು, ಎಲ್.ಎಂ.ಪಿ. ಶಾಲೆಗಳು ಮುಚ್ಚಿದವು. ಮುಂದೆ ಛತ್ತೀಸಗಢ, ಅಸ್ಸಾಂ ರಾಜ್ಯಗಳು ಹಳ್ಳಿಗಳಿಗಾಗಿ ಸುಮಾರು ಮೂರು ವರ್ಷದ ಕೋರ್ಸ್ ಮಾಡಲು ಹೋದಾಗ ಒಂದೊಂದು ಕಡೆಯೂ ವಿವಾದವಾಯಿತು. ಅಸ್ಸಾಮಿನದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಕಲಮು ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿ ಕೊಡಲು ಅವಕಾಶ ಮಾಡಿದಾಗ ಭಾರತೀಯ ವೈದ್ಯಕೀಯ ಸಂಘ ದೇಶದಾದ್ಯಂತ ಮುಷ್ಕರ ಹೂಡಿತು. ಇತ್ತ ಹಳ್ಳಿಯ ಉಪಕೇಂದ್ರಗಳಲ್ಲಿ ಆ ಜಾಗವನ್ನು ಬಿ.ಎಸ್ಸಿ. ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ತುಂಬಿದ್ದಾರೆ. ವೈದ್ಯರ ಕೊರತೆ ನಿಜವಾಗಿಯೂ ಇರುವ ಹಳ್ಳಿಗಳಲ್ಲಿ ಪಿಎ ಇಲ್ಲ. ವೈದ್ಯರು ಕಿಕ್ಕಿರಿದಿರುವ ನಗರದಲ್ಲಿ ಅವರಿದ್ದಾರೆ. ಕೊರತೆಯ ತರ್ಕ ಅರ್ಧ ಮಾತ್ರ ನಿಜ ಎಂದು ನಾನು ಹೇಳಿದ್ದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಒಂದು ಒಳ್ಳೆಯ ಬೆಳವಣಿಗೆಯೂ ಆಗಿದೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ತನ್ನ ಅನುಸೂಚಿಯಲ್ಲಿ ಫಿಜಿಷಿಯನ್ ಅಸೋಸಿಯೇಟ್ ಎಂಬ ಹೆಸರಿನಲ್ಲಿ ಈ ವೃತ್ತಿಯನ್ನು ಸೇರಿಸಿಕೊಂಡಿದೆ. ಯಾರು ಬೇಕಾದರೂ ಯಾವ ಹೆಸರಿನಲ್ಲಿ ಬೇಕಾದರೂ ಕೋರ್ಸ್ ನಡೆಸಬಹುದಾಗಿದ್ದ ಕಾಲ ಮುಗಿಯುವ ಲಕ್ಷಣ ಇದು. ಏಕರೂಪದ ಪಠ್ಯ, ರಾಜ್ಯ ಪರಿಷತ್ತಿನಲ್ಲಿ ನೋಂದಣಿ, ನೋಂದಣಿಯಿಲ್ಲದವರು ಕೆಲಸ ಮಾಡುವಂತಿಲ್ಲವೆಂಬ ಕಟ್ಟುಪಾಡು ಎಲ್ಲವನ್ನೂ ಕಾಯ್ದೆ ಹೇಳುತ್ತದೆ. ಆದರೆ ನೋಂದಣಿ ಗುರುತನ್ನು ಕೊಡುತ್ತದೆ, ಔಷಧ ಬರೆಯುವ ಅಧಿಕಾರವನ್ನಾಗಲಿ ಬಿಲ್ಲು ಮಾಡುವ ಅಧಿಕಾರವನ್ನಾಗಲಿ ತಾನಾಗಿ ಕೊಡುವುದಿಲ್ಲ. ಅಮೆರಿಕದವರು ಮೂರು ದಶಕ ಓಡಾಡಿ ಗಳಿಸಿದ್ದು ಆ ಎರಡನ್ನು.

ಇನ್ನು ಕಂಪ್ಯೂಟರಿನ ಮಾತು. ವೈದ್ಯರು ಮತ್ತು ರೋಗಿಯ ಸಂಭಾಷಣೆಯನ್ನು ಕೇಳಿಸಿಕೊಂಡು ತಾನೇ ಟಿಪ್ಪಣಿ ಬರೆಯುವ ತಂತ್ರಾಂಶಗಳು ಅಮೆರಿಕದ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿವೆ, ಇಲ್ಲಿನ ದೊಡ್ಡ ಆಸ್ಪತ್ರೆಗಳಿಗೂ ಬರುತ್ತಿವೆ. ಅಲ್ಲಿನ ಪಿಎಗೆ ಇದರಿಂದ ಬರವಣಿಗೆಯ ಹೊರೆ ಇಳಿಯುತ್ತದೆ, ಏಕೆಂದರೆ ಅವರ ಕೆಲಸ ಬರವಣಿಗೆಯಲ್ಲ. ಇಲ್ಲಿ ಕೆಲವು ಆಸ್ಪತ್ರೆಗಳು ಪಿಎಯನ್ನು ಇಟ್ಟುಕೊಂಡಿರುವುದೇ ಡಿಸ್ಚಾರ್ಜ್ ಸಮ್ಮರಿ ಟೈಪ್ ಮಾಡಲು; ಅಂಥ ಕಡೆ ಇರುವವರು ಎಚ್ಚರವಾಗಿರಬೇಕು. ಓಟಿಯಲ್ಲಿ, ಐಸಿಯುವಿನಲ್ಲಿ, ಹೃದಯದ ರಕ್ತನಾಳಗಳ ತಪಾಸಣೆ ನಡೆಯುವ ಕ್ಯಾತ್ ಲ್ಯಾಬಿನಲ್ಲಿ ಕೈಕೆಲಸ ಕಲಿತವರ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ.

ಹಾಗಾಗಿ ಈಗ ಈ ಕೋರ್ಸಿನ ಬಗ್ಗೆ ಕೇಳಲು ಬರುವವರಿಗೆ ನಾನು ಬೇಡವೆಂದೂ ಹೇಳುವುದಿಲ್ಲ, ಸೇರಿಸಿ ಎಂದೂ ಹೇಳುವುದಿಲ್ಲ. ಕಾಲೇಜಿನ ಪ್ಲೇಸ್‌ಮೆಂಟ್ ಪಟ್ಟಿಯನ್ನು ಬದಿಗಿಟ್ಟು, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ತಿಂಗಳಿಗೆ ಎಷ್ಟು ದೊಡ್ಡ ಶಸ್ತ್ರಚಿಕಿತ್ಸೆಗಳಾಗುತ್ತವೆ, ವಿದ್ಯಾರ್ಥಿಗಳನ್ನು ಓಟಿಯೊಳಗೆ ಕೈತೊಳೆದು ನಿಲ್ಲಲು ಬಿಡುತ್ತಾರೆಯೇ ಅಥವಾ ಕಂಪ್ಯೂಟರಿನ ಮುಂದೆ ಕೂರಿಸುತ್ತಾರೆಯೇ ಎಂದು ಮೂರನೇ ವರ್ಷದ ಹುಡುಗರನ್ನೇ ಕೇಳಿ ಬನ್ನಿ ಎನ್ನುತ್ತೇನೆ. ಆಮೇಲೆ, ಅದೇ ಆಸ್ಪತ್ರೆಯಲ್ಲಿ ಹತ್ತು ವರ್ಷದಿಂದ ಇರುವ ಪಿಎ ಯಾರಾದರೂ ಇದ್ದಾರೆಯೇ, ಅವರ ಹುದ್ದೆಯ ಹೆಸರೇನು ಎಂದೂ ವಿಚಾರಿಸಲು ಹೇಳುತ್ತೇನೆ. ಹಿರಿಯ ಪಿಎ, ಮುಖ್ಯ ಪಿಎ ಎಂಬ ಮೆಟ್ಟಿಲುಗಳಿಲ್ಲದ ಕಡೆಗಳಿಂದ ಅನುಭವಿಗಳು ಚಿಕಿತ್ಸೆಯ ದಾಖಲೆಗಳನ್ನು ಬಿಲ್ಲಿನ ಸಂಕೇತಗಳಿಗೆ ಇಳಿಸುವ ಮೆಡಿಕಲ್ ಕೋಡಿಂಗ್ ಕಂಪನಿಗಳಿಗೆ, ವಿಮಾ ಕ್ಲೇಮು ಪರಿಶೀಲಿಸುವ ಕಚೇರಿಗಳಿಗೆ, ಔಷಧ ಪ್ರಯೋಗಗಳ ಸಮನ್ವಯದ ಕೆಲಸಕ್ಕೆ ಹೊರಟುಹೋಗುತ್ತಾರೆ. ಬೆಂಗಳೂರಿನಲ್ಲಿ ಅವಕ್ಕೇನೂ ಬರವಿಲ್ಲ, ರಾತ್ರಿ ಪಾಳಿಯಿಲ್ಲದ ಕೆಲಸವೂ ಸಿಗುತ್ತದೆ. ನಮ್ಮ ಆ ಹಳೆಯ ವಿದ್ಯಾರ್ಥಿನಿಗೂ ಅಂಥ ಒಂದು ಕರೆ ಬಂದಿದೆ, ಸಂಬಳವೂ ಹೆಚ್ಚಂತೆ. ಹೃದ್ರೋಗ ವಿಭಾಗದ ತನ್ನ ಸರ್ಜನ್ ಈ ವರ್ಷದ ಪರಿಷ್ಕರಣೆಯಲ್ಲಿ ಏನು ಮಾಡಿಸಿಕೊಡುತ್ತಾರೆ ನೋಡಿ ತೀರ್ಮಾನಿಸುತ್ತೇನೆ ಸರ್ ಎಂದಿದ್ದಾಳೆ.